ಕೆಸಿಎಲ್ ಎಕ್ಸ್‌ಆರ್‌ಡಿಯಲ್ಲಿ 111, 311 ಪೀಕ್ ಇಲ್ಲವೇ ಇಲ್ಲ. ರಚನೆ ಎಫ್‌ಸಿಸಿ ಅಲ್ಲವಾ?

ಪುಡಿ_ಸ್ಯಾಂಪಲ್

ನಮಸ್ಕಾರ. ಎಂಎಸ್ಸಿ ಲ್ಯಾಬ್‌ಗಾಗಿ ಸೋಡಿಯಂ ಕ್ಲೋರೈಡ್ (ಮುಂದೆ ಬರೀ ಉಪ್ಪು ಅಂತ ಬರೀತೀನಿ) ಮತ್ತು ಪೊಟ್ಯಾಸಿಯಂ ಕ್ಲೋರೈಡ್ (ಕೆಸಿಎಲ್) ಪುಡಿಗಳ ಎಕ್ಸ್‌ಆರ್‌ಡಿ (ಎಕ್ಸ್‌ರೇ ಡಿಫ್ರ್ಯಾಕ್ಷನ್, ಹರಳಿನಿಂದ ಎಕ್ಸ್‌ರೇ ಯಾವ ಕೋನಗಳಲ್ಲಿ ಚದರುತ್ತೆ ಅಂತ ನೋಡೋದು) ತೆಗೆದಿದ್ದೇವೆ. ಎರಡೂ ಎಆರ್ ಗ್ರೇಡ್ (ಅನಾಲಿಟಿಕಲ್ ರೀಏಜೆಂಟ್, ಅತಿ ಶುದ್ಧ). ತಾಮ್ರದ ಟ್ಯೂಬ್, ನಿಕ್ಕಲ್ ಫಿಲ್ಟರ್, ಗೋನಿಯೋಮೀಟರ್ ತ್ರಿಜ್ಯ 150 ಮಿ.ಮೀ., ಸ್ಟೆಪ್ 0.02 ಡಿಗ್ರಿ, ಟು-ಥೀಟಾ (ಎಕ್ಸ್‌ರೇ ತಿರುಗಿದ ಕೋನ) 20ರಿಂದ 75 ಡಿಗ್ರಿವರೆಗೆ. ತರಂಗಾಂತರ 1.5406 ಆಂಗ್‌ಸ್ಟ್ರಾಂ ಅಂತ ಇಟ್ಟುಕೊಂಡು ಲೆಕ್ಕ ಮಾಡಿದ್ದು.

ಉಪ್ಪಿನದು ಪುಸ್ತಕದಲ್ಲಿ ಇರೋ ಹಾಗೇ ಬಂತು. 27.4ರ ಹತ್ತಿರ ಚಿಕ್ಕ 111 (ಈ ಮೂರಂಕಿಗಳು ಹರಳಿನ ಯಾವ ಪದರಗಳಿಂದ ಪೀಕ್ ಬಂತು ಅನ್ನೋದರ ಸೂಚ್ಯಂಕ), 31.7ರಲ್ಲಿ ದೊಡ್ಡ 200, 45.5ರಲ್ಲಿ 220, 53.9ರಲ್ಲಿ ಕಂಡೂ ಕಾಣದಂಥ 311, ಹೀಗೆ. ಸೆಲ್ (ಹರಳಿನಲ್ಲಿ ಮತ್ತೆ ಮತ್ತೆ ಬರೋ ಪುಟ್ಟ ಘನ) ಅಂಚು ಎಲ್ಲ ಪೀಕ್‌ಗಳಿಂದಲೂ 5.640ರಿಂದ 5.643 ಒಳಗೇ ಬರುತ್ತೆ.

ಕೆಸಿಎಲ್‌ನಲ್ಲಿ ಸಿಕ್ಕಿದ್ದು ಆರೇ ಪೀಕ್. ಟು-ಥೀಟಾ, ಅದರ ಸೈನ್‌ಸ್ಕ್ವೇರ್ ಥೀಟಾ, ಮೊದಲನೆಯದಕ್ಕೆ ಅನುಪಾತ:

28.23 – 0.05947 – 1
40.40 – 0.11923 – 2.005
50.08 – 0.17914 – 3.012
58.53 – 0.23897 – 4.018
66.28 – 0.29887 – 5.025
73.60 – 0.35883 – 6.034

1:2:3:4:5:6 ಅಂದರೆ ಸಿಂಪಲ್ ಕ್ಯೂಬಿಕ್ (ಘನದ ಮೂಲೆಗಳಲ್ಲಷ್ಟೇ ಬಿಂದು). ಎಫ್‌ಸಿಸಿ (ಮೂಲೆಗಳ ಜೊತೆ ಮುಖಗಳ ಮಧ್ಯದಲ್ಲೂ ಬಿಂದು) ಆಗಿದ್ದರೆ 3:4:8:11:12 ಬರಬೇಕಿತ್ತು. ಸಿಂಪಲ್ ಕ್ಯೂಬಿಕ್ ಅಂತ ಹಿಡಿದರೆ ಅಂಚು ಸುಮಾರು 3.15 ಆಂಗ್‌ಸ್ಟ್ರಾಂ. ಒಂದು ಸೆಲ್‌ಗೆ ಒಂದು ಕೆಸಿಎಲ್ ಹಾಕಿ ಸಾಂದ್ರತೆ ನೋಡಿದರೆ 3.96 ಗ್ರಾಂ/ಘನ ಸೆಂ.ಮೀ. ಬರುತ್ತೆ. ಪಟ್ಟಿಯಲ್ಲಿರೋದು 1.98. ಪುಸ್ತಕಗಳೆಲ್ಲ ಉಪ್ಪು, ಕೆಸಿಎಲ್ ಎರಡಕ್ಕೂ ಒಂದೇ ರಚನೆ ಅನ್ನುತ್ತವೆ. ಸ್ಯಾಂಪಲ್ ಕೆಟ್ಟಿದೆಯಾ, ಇಂಡೆಕ್ಸಿಂಗ್ ತಪ್ಪಿದೆಯಾ? ಇನ್ನೊಂದು ವಿಷಯ: ಒಂದೊಂದು ಪೀಕ್‌ನಿಂದ ಒಂದೊಂದು ಅಂಚು ಬರ್ತಿದೆ, 3.159ರಿಂದ 3.150ಕ್ಕೆ ಇಳಿಯುತ್ತಾ ಹೋಗುತ್ತೆ. ಅದು ಯಾಕೆ?

ಘನಸ್ಥಿತಿ

ಸ್ಯಾಂಪಲ್ ಸರಿ ಇದೆ, ಅನುಪಾತವೂ ಸರಿ ಇದೆ, ಪುಸ್ತಕವೂ ಸರಿ. ಸಾಂದ್ರತೆ ಹೆಚ್ಚುಕಡಿಮೆ ಎರಡರಷ್ಟೇ ಬಂದಿದೆಯಲ್ಲ, ಉತ್ತರ ಅಲ್ಲೇ ಇದೆ.

ಎಕ್ಸ್‌ರೇ ನೋಡೋದು ಎಲೆಕ್ಟ್ರಾನ್‌ಗಳನ್ನು. ಅಯಾನಿನ ಹೆಸರು, ಅದರ ಚಾರ್ಜು ಅದಕ್ಕೆ ಬೇಕಿಲ್ಲ. ಪೊಟ್ಯಾಸಿಯಂ ಪರಮಾಣುವಿನ 19 ಎಲೆಕ್ಟ್ರಾನ್‌ಗಳಲ್ಲಿ ಒಂದು ಹೋಗಿ ಅಯಾನಿನಲ್ಲಿ 18 ಉಳಿಯುತ್ತವೆ. ಕ್ಲೋರಿನ್‌ನ 17ಕ್ಕೆ ಒಂದು ಸೇರಿ ಅದೂ 18. ಎಕ್ಸ್‌ರೇ ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಉಪ್ಪಿನಲ್ಲಿ ಸೋಡಿಯಂ ಅಯಾನಿಗೆ 10, ಕ್ಲೋರೈಡ್‌ಗೆ 18. ಅಲ್ಲಿ ವ್ಯತ್ಯಾಸ ಎದ್ದು ಕಾಣುತ್ತೆ.

ಈಗ 111 ದಿಕ್ಕಿಗೆ ಹರಳನ್ನು ಪದರ ಪದರವಾಗಿ ನೋಡಿ. ಈ ರಚನೆಯಲ್ಲಿ ಆ ದಿಕ್ಕಿಗೆ ಲಂಬವಾಗಿ ಒಂದು ಪದರ ಪೂರ್ತಿ ಪೊಟ್ಯಾಸಿಯಂ, ಮುಂದಿನದು ಪೂರ್ತಿ ಕ್ಲೋರೈಡ್, ಮತ್ತೆ ಪೊಟ್ಯಾಸಿಯಂ. ಒಂದು ಪೊಟ್ಯಾಸಿಯಂ ಪದರದಿಂದ ಮುಂದಿನ ಪೊಟ್ಯಾಸಿಯಂ ಪದರಕ್ಕೆ 3.633 ಆಂಗ್‌ಸ್ಟ್ರಾಂ. ಕ್ಲೋರೈಡ್ ಪದರ ಸರಿಯಾಗಿ ಮಧ್ಯದಲ್ಲಿ. ಬ್ರಾಗ್ ನಿಯಮದ ಕೋನದಲ್ಲಿ ಪೊಟ್ಯಾಸಿಯಂ ಪದರಗಳಿಂದ ಬರುವ ಅಲೆಗಳ ಪಥವ್ಯತ್ಯಾಸ ಒಂದು ಪೂರ್ಣ ತರಂಗಾಂತರ, ಹಾಗಾಗಿ ಅವು ಕೂಡಿಕೊಳ್ಳುತ್ತವೆ. ಆದರೆ ಮಧ್ಯದ ಕ್ಲೋರೈಡ್ ಪದರದ ಅಲೆ ಅರ್ಧ ತರಂಗಾಂತರ ಹಿಂದೆ ಬೀಳುತ್ತೆ, ಇದನ್ನು ಅಳಿಸುತ್ತೆ. 18ರಿಂದ 18 ಹೋದರೆ ಸೊನ್ನೆ. ಉಪ್ಪಿನಲ್ಲಿ 18ರಿಂದ 10 ಹೋಗಿ ಸ್ವಲ್ಪ ಉಳಿಯುತ್ತೆ, ಹಾಗಾಗಿ ಅಲ್ಲಿ 111 ಇದೆ, ಆದರೆ 200ರ ಹತ್ತನೇ ಒಂದು ಭಾಗದಷ್ಟೇ. 200 ದಿಕ್ಕಿನಲ್ಲಿ ಈ ತಕರಾರಿಲ್ಲ. ಅಲ್ಲಿ ಪ್ರತಿ ಪದರದಲ್ಲೂ ಎರಡೂ ಅಯಾನು ಸಮಸಮ ಇರುತ್ತವೆ, ಎಲ್ಲ ಕೂಡುತ್ತೆ.

ಸ್ಟ್ರಕ್ಚರ್ ಫ್ಯಾಕ್ಟರ್ (ಒಂದು ಸೆಲ್‌ನ ಎಲ್ಲ ಅಯಾನುಗಳ ಅಲೆ ಕೂಡಿದ ಮೊತ್ತ) ಬರೆದರೆ ಮೂರೇ ಸಾಲು. ಸೂಚ್ಯಂಕಗಳು ಮೂರೂ ಸಮ ಇದ್ದರೆ 4 × (ಪೊಟ್ಯಾಸಿಯಂ + ಕ್ಲೋರೈಡ್). ಮೂರೂ ಬೆಸ ಇದ್ದರೆ 4 × (ಪೊಟ್ಯಾಸಿಯಂ − ಕ್ಲೋರೈಡ್). ಸಮ-ಬೆಸ ಬೆರೆತರೆ ಸೊನ್ನೆ. ಕೊನೆಯದು ಎಫ್‌ಸಿಸಿ ಜಾಲಕದ ನಿಯಮ, ಅಲ್ಲಿ ಯಾವ ಅಯಾನು ಕೂತಿದೆ ಅನ್ನೋದು ಲೆಕ್ಕಕ್ಕಿಲ್ಲ. ಎರಡನೆಯದು ಮಾತ್ರ ಅಯಾನುಗಳನ್ನು ನೋಡಿ ಬದಲಾಗುತ್ತೆ. ಪರೀಕ್ಷೆಯಲ್ಲಿ ಇವೆರಡನ್ನು ಒಂದೇ ಥರದ ಗೈರುಹಾಜರಿ ಅಂತ ಬರೆಯುವವರೇ ಹೆಚ್ಚು. ಬೆರಕೆ ಪೀಕ್‌ಗಳು ಎಂಥ ಅಯಾನು ಹಾಕಿದರೂ ಬರಲ್ಲ. ಬೆಸ ಪೀಕ್‌ಗಳು ಕೆಸಿಎಲ್‌ನಲ್ಲಿ ಬರದಿರೋದು ಲೆಕ್ಕ ಸರಿಹೊಂದಿದ ಆಕಸ್ಮಿಕ, ಅಷ್ಟೆ.

ಆದ್ದರಿಂದ ನಿಮ್ಮ ಆರು ಪೀಕ್‌ಗಳು 200, 220, 222, 400, 420, 422. ವರ್ಗಗಳ ಮೊತ್ತ 4, 8, 12, 16, 20, 24. ನಾಲ್ಕರಿಂದ ಭಾಗಿಸಿದರೆ 1ರಿಂದ 6. ಎರಡು ಅಯಾನುಗಳೂ ಒಂದೇ ಥರ ಕಂಡರೆ ಎಕ್ಸ್‌ರೇ ಪಾಲಿಗೆ ಪುನರಾವರ್ತನೆಯ ದೂರವೇ ಅರ್ಧಕ್ಕಿಳಿಯುತ್ತೆ, 6.293ರ ಬದಲು 3.147. ಆ ಪುಟ್ಟ ಘನದಲ್ಲಿ ಇರೋದು ಒಂದೇ ಅಯಾನು, ಅಂದರೆ ಅರ್ಧ ಕೆಸಿಎಲ್. ನೀವು ಒಂದು ಪೂರ್ತಿ ಕೆಸಿಎಲ್ ತುರುಕಿದ್ದರಿಂದ ಸಾಂದ್ರತೆ ಎರಡರಷ್ಟಾಯ್ತು. ಅಂಚು 6.293 ಇಟ್ಟು ನಾಲ್ಕು ಕೆಸಿಎಲ್ ಹಾಕಿ: ಘನಫಲ 249.2 ಘನ ಆಂಗ್‌ಸ್ಟ್ರಾಂ, ಸೂತ್ರತೂಕ 74.55, ಸಾಂದ್ರತೆ 1.987. ಸರಿಹೋಯ್ತಲ್ಲ.

ಲ್ಯಾಬ್ ರೆಕಾರ್ಡ್‌ನಲ್ಲಿ ಬರೆಯೋವಾಗ ಒಂದು ಮಾತು. "ಕೆಸಿಎಲ್ ಸಿಂಪಲ್ ಕ್ಯೂಬಿಕ್" ಅಂತ ಬರೀಬೇಡಿ, "ಪ್ಯಾಟರ್ನ್ ಸಿಂಪಲ್ ಕ್ಯೂಬಿಕ್‌ನಂತೆ ಕಾಣುತ್ತದೆ, ಜಾಲಕ ಎಫ್‌ಸಿಸಿ" ಅಂತ ಬರೆದು ಸಾಂದ್ರತೆಯ ಲೆಕ್ಕ ಕೆಳಗೆ ತೋರಿಸಿ. ಸಾಂದ್ರತೆ ಇಲ್ಲದೆ ಪ್ಯಾಟರ್ನ್ ಒಂದರಿಂದಲೇ ಇದನ್ನು ತೀರ್ಮಾನಿಸೋಕೆ ಆಗಲ್ಲ.

ಡಿಫ್ರ್ಯಾಕ್ಟೋ

ಅಂಚು ಇಳಿಯುತ್ತಾ ಹೋಗೋದರ ಬಗ್ಗೆ. ಎಫ್‌ಸಿಸಿ ಸೂಚ್ಯಂಕ ಹಾಕಿ ನಿಮ್ಮ ಸಂಖ್ಯೆಗಳಿಂದಲೇ ಮತ್ತೆ ಲೆಕ್ಕ ಹಾಕಿದೆ:

200 – 6.317
220 – 6.310
222 – 6.305
400 – 6.303
420 – 6.301
422 – 6.300

ಸುಮ್ಮನೆ ಏರುಪೇರಾಗಿದ್ದರೆ ಓದುವಾಗಿನ ದೋಷ ಅನ್ನಬಹುದಿತ್ತು. ಇದು ಕೋನ ಹೆಚ್ಚಿದಂತೆ ಒಂದೇ ದಿಕ್ಕಿಗೆ ಇಳಿದಿದೆ. ಪುಡಿಯ ಮೇಲ್ಮೈ ಹೋಲ್ಡರ್ ಅಂಚಿಗಿಂತ ಕೆಳಗೆ ಕೂತಿದೆ. ಅನುಪಾತ 2.005, 3.012 ಅಂತ ಒಂದೇ ಕಡೆ ಜಾರಿರೋದಕ್ಕೂ ಇದೇ ಕಾರಣ.

ಝೀರೋ ಎರರ್ (ಮೆಷಿನ್‌ನ ಕೋನದ ಸೊನ್ನೆಯೇ ಸರಿದಿರೋದು) ಆದರೂ ಹೀಗೇ ಕಾಣಬಹುದು, ಆರು ಪೀಕ್‌ಗಳಲ್ಲಿ ಎರಡನ್ನೂ ಬೇರ್ಪಡಿಸೋದು ಕಷ್ಟ. ಆದರೆ ಅದೇ ಮೆಷಿನ್‌ನಲ್ಲಿ ಉಪ್ಪು 5.640–5.643 ಕೊಟ್ಟಿದೆ ಅಂದಿರಿ. ಝೀರೋ ಕೆಟ್ಟಿದ್ದರೆ ಉಪ್ಪಿನಲ್ಲೂ ಇಷ್ಟೇ ಜಾರಬೇಕಿತ್ತು. ಜಾರಿಲ್ಲ. ಹಾಗಾಗಿ ಕೆಸಿಎಲ್ ತುಂಬಿದ ರೀತಿಯೇ ತಪ್ಪು.

ಎಷ್ಟು ಕೆಳಗೆ ಅಂತಲೂ ಹೇಳಬಹುದು. ಈ ದೋಷದಲ್ಲಿ ಅಂಚಿನ ಹೆಚ್ಚಳ, ಕಾಸ್‌ಸ್ಕ್ವೇರ್ ಥೀಟಾ ಭಾಗಿಸು ಸೈನ್ ಥೀಟಾ, ಇದಕ್ಕೆ ಅನುಪಾತದಲ್ಲಿರುತ್ತೆ. ಆ ಬೆಲೆ ನಿಮ್ಮ 200ಕ್ಕೆ 3.857, 422ಕ್ಕೆ 1.070. ಅಡ್ಡ ಅಕ್ಷದಲ್ಲಿ ಇದನ್ನೂ ನೆಟ್ಟ ಅಕ್ಷದಲ್ಲಿ ಅಂಚನ್ನೂ ಹಾಕಿ ಗೆರೆ ಎಳೀರಿ. ಇಳಿಜಾರು 0.0063, ಸೊನ್ನೆಗೆ ಎಳೆದರೆ ಅಂಚು 6.293. ಇಳಿಜಾರನ್ನು ಅಂಚಿನಿಂದ ಭಾಗಿಸಿ 150 ಮಿ.ಮೀ.ನಿಂದ ಗುಣಿಸಿದರೆ 0.15 ಮಿ.ಮೀ. ಅಷ್ಟೇ ತಗ್ಗು. ಎರಡು ಪದರ ಪೇಪರ್ ದಪ್ಪವೂ ಇಲ್ಲ, ಆದರೆ ಕಡಿಮೆ ಕೋನದಲ್ಲಿ ಪೀಕ್ 0.11 ಡಿಗ್ರಿ ಎಡಕ್ಕೆ ಹೋಗಿದೆ. ಟೇಬಲ್-ಟಾಪ್ ಮೆಷಿನ್‌ನಲ್ಲಿ ತ್ರಿಜ್ಯ ಚಿಕ್ಕದಾದ್ದರಿಂದ ಇದು ಜಾಸ್ತಿ ಕಾಡುತ್ತೆ. 300 ಮಿ.ಮೀ. ತ್ರಿಜ್ಯ ಇದ್ದಿದ್ದರೆ ಅರ್ಧ ಆಗ್ತಿತ್ತು.

ಸರಿ ಮಾಡೋದು ಹೀಗೆ. 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಒಣಗಿಸಿ ಡೆಸಿಕೇಟರ್‌ನಲ್ಲಿ ತಣಿಸಿ. ಅಗೇಟ್ ಮಾರ್ಟರ್‌ನಲ್ಲಿ ಹತ್ತು-ಹದಿನೈದು ನಿಮಿಷ ಅರೆಯಿರಿ, ಬೆರಳ ತುದಿಯಲ್ಲಿ ಉಜ್ಜಿದರೆ ಮರಳಿನ ಹಾಗೆ ಸಿಗಬಾರದು. 400 ಮೆಶ್ ಜರಡಿ 38 ಮೈಕ್ರಾನ್, ಅದರಲ್ಲಿ ಇಳಿದರೆ ಕನಿಷ್ಠ ಅರ್ಹತೆ. ಇಂಟೆನ್ಸಿಟಿ ನಂಬಬೇಕಾದರೆ 10 ಮೈಕ್ರಾನ್‌ಗಿಂತ ಸಣ್ಣದಿರಬೇಕು.

ತುಂಬುವಾಗ ಗಾಜಿನ ಸ್ಲೈಡಿನಿಂದ ಮೇಲಿಂದ ಒತ್ತಿ ಉಜ್ಜೋದೇ ಎಲ್ಲರ ಅಭ್ಯಾಸ, ಅಲ್ಲೇ ಎರಡು ಎಡವಟ್ಟು. ಜಾಸ್ತಿ ಒತ್ತಿದರೆ ಪುಡಿ ತಗ್ಗುತ್ತೆ, ನಿಮಗೆ ಆದದ್ದು ಅದೇ ಇರಬೇಕು. ಇನ್ನೊಂದು, ಉಪ್ಪೂ ಕೆಸಿಎಲ್ಲೂ 100 ಮುಖಗಳಲ್ಲಿ ಸೀಳುತ್ತವೆ. ಅರೆದಷ್ಟೂ ಪುಟ್ಟ ಘನಗಳೇ ಆಗುತ್ತವೆ. ಮೇಲಿಂದ ಒತ್ತಿದರೆ ಆ ಘನಗಳೆಲ್ಲ ಮುಖ ಮೇಲೆ ಮಾಡಿ ಮಲಗುತ್ತವೆ, 200 ಮತ್ತು 400 ಸುಳ್ಳೇ ಎತ್ತರವಾಗಿ ಉಳಿದವು ಕುಗ್ಗುತ್ತವೆ. ಉಪ್ಪಿನಲ್ಲಿ 220ರ ಎತ್ತರ 200ರ ಅರ್ಧಕ್ಕಿಂತ ತುಸು ಹೆಚ್ಚಿರಬೇಕು. ಕಾಲು ಭಾಗ ಅಷ್ಟೇ ಇದ್ದರೆ ಇದೇ ದೋಷ. ಹಿಂದಿನಿಂದ ತುಂಬುವ ಹೋಲ್ಡರ್ ಇದ್ದರೆ ಬಳಸಿ: ಮುಂಭಾಗವನ್ನು ಒರಟು ಪೇಪರ್ ಮೇಲಿಟ್ಟು ಹಿಂದಿನಿಂದ ಪುಡಿ ಹಾಕಿ ಮುಚ್ಚೋದು. ಮೇಲ್ಮೈ ಮಟ್ಟವೂ ತಾನೇ ಸರಿಯಾಗುತ್ತೆ.

ಮಳೆಗಾಲದಲ್ಲಿ ಕರಾವಳಿ ಕಡೆ ಲ್ಯಾಬ್ ಇರೋರು ಗಮನಿಸಿ. ಉಪ್ಪು 75 ಶೇಕಡಾ ಆರ್ದ್ರತೆ ದಾಟಿದರೆ ನೀರಾಗೋಕೆ ಶುರು, ಕೆಸಿಎಲ್ 84ರ ಆಸುಪಾಸಿನವರೆಗೂ ತಡೆಯುತ್ತೆ. ಸ್ಕ್ಯಾನ್ ಮಧ್ಯೆ ಉಪ್ಪಿನ ಮೇಲ್ಮೈ ಒದ್ದೆಯಾಗಿ ಮತ್ತೆ ಒಣಗಿದರೆ ದೊಡ್ಡ ಕಾಳಾಗಿ ಕಟ್ಟಿಕೊಳ್ಳುತ್ತೆ. ಎಸಿ ಹಾಕೇ ಓಡಿಸಿ.

ಪುಡಿ_ಸ್ಯಾಂಪಲ್

ಇಬ್ಬರಿಗೂ ಧನ್ಯವಾದ. ಗೆರೆ ಎಳೆದು ನೋಡಿದೆ, 6.293 ಬಂತು. ಇನ್ನೆರಡು ಸಂಶಯ.

ಒಂದು: ಅಯಾನುಗಳು ಒಂದೇ ಥರ ಕಾಣುತ್ತವೆ ಅಂದಮೇಲೆ ಇದು ಸೀಸಿಯಂ ಕ್ಲೋರೈಡ್ ಥರದ ರಚನೆ ಯಾಕಾಗಿರಬಾರದು? ಅದರಲ್ಲೂ ಎರಡು ಅಯಾನು ಒಂದೇ ಆದರೆ ಬಿಸಿಸಿ (ಮೂಲೆಗಳ ಜೊತೆ ಘನದ ನಡುವೆಯೂ ಬಿಂದು) ಆಗುತ್ತೆ, ಬಿಸಿಸಿಯ ಅನುಪಾತವೂ 2:4:6:8:10:12, ಅಂದರೆ 1ರಿಂದ 6 ತಾನೇ?

ಎರಡು: 111 ಪೂರ್ತಿ ಸೊನ್ನೆಯಾ? ನಿಧಾನವಾಗಿ ಸ್ಕ್ಯಾನ್ ಮಾಡಿದರೆ ಸಿಗಬಹುದಾ?

ಘನಸ್ಥಿತಿ

ಮೊದಲನೆಯದು ಒಳ್ಳೇ ಪ್ರಶ್ನೆ. 75 ಡಿಗ್ರಿಗೆ ಸ್ಕ್ಯಾನ್ ನಿಲ್ಲಿಸಿದ್ದರಿಂದಲೇ ಈ ಪ್ರಶ್ನೆ ಉಳಿದುಕೊಂಡಿದೆ. ಇನ್ನು 15 ಡಿಗ್ರಿ ಮುಂದೆ ಹೋಗಿ.

ಬಿಸಿಸಿಯಲ್ಲಿ ಮುಂದಿನ ಮೊತ್ತ 14 (321), ಅಂದರೆ ಅನುಪಾತ 7. ಉಪ್ಪಿನ ಥರದ ರಚನೆಯಲ್ಲಿ ಅನುಪಾತ 7 ಬರಬೇಕಾದರೆ ಮೊತ್ತ 28 ಆಗಬೇಕು. ಮೂರು ಪೂರ್ಣಾಂಕಗಳ ವರ್ಗ ಕೂಡಿ 28 ಮಾಡೋಕೆ ಆಗಲ್ಲ, ಬೇಕಾದರೆ ಪ್ರಯತ್ನಿಸಿ. ಹಾಗಾಗಿ 6 ಆದಮೇಲೆ ನೇರ 8. ಕೋನದಲ್ಲಿ ಹೇಳೋದಾದರೆ 80.7 ಡಿಗ್ರಿಯಲ್ಲಿ ಪೀಕ್ ಬಂದರೆ ಬಿಸಿಸಿ, ಅಲ್ಲಿ ಖಾಲಿ ಇದ್ದು 87.6ರಲ್ಲಿ 440 ಬಂದರೆ ಉಪ್ಪಿನ ರಚನೆ. ಕೆಸಿಎಲ್‌ನಲ್ಲಿ ಎರಡನೆಯದೇ ಬರುತ್ತೆ. ಅಲ್ಲಿ ಕೆ-ಆಲ್ಫಾ ಒಂದು, ಎರಡು (ತಾಮ್ರದ ಟ್ಯೂಬಿನಿಂದ ಬರೋ, ತರಂಗಾಂತರ ತುಸು ಬೇರೆ ಇರೋ ಎರಡು ಎಕ್ಸ್‌ರೇ) ಸುಮಾರು 0.27 ಡಿಗ್ರಿ ದೂರ ಸರಿದು ಜೋಡಿ ಪೀಕ್ ಥರ ಕಾಣುತ್ತವೆ, ಹೊಸ ಪೀಕ್ ಅಂತ ಎಣಿಸಬೇಡಿ.

ಸಾಂದ್ರತೆಯೂ ಅದನ್ನೇ ಹೇಳುತ್ತೆ. ಬಿಸಿಸಿ ಅಂದರೆ ಮೊದಲ ಪೀಕ್ 110, ಅಂಚು 4.450, ಒಂದು ಸೆಲ್‌ಗೆ ಒಂದು ಕೆಸಿಎಲ್, ಸಾಂದ್ರತೆ 1.41. ಹೊಂದಲ್ಲ. ಅಂದಹಾಗೆ ಕೆಸಿಎಲ್ ಎಂದೂ ಸೀಸಿಯಂ ಕ್ಲೋರೈಡ್ ರಚನೆಗೆ ಹೋಗಲ್ಲ ಅಂತಲ್ಲ. ಕೋಣೆಯ ತಾಪದಲ್ಲೇ ಸುಮಾರು 2 ಗಿಗಾಪಾಸ್ಕಲ್ ಒತ್ತಡ ಹಾಕಿದರೆ ಹೋಗುತ್ತೆ. ಆರು ನೆರೆಯವರ ಬದಲು ಎಂಟು ನೆರೆಯವರು ಬಂದು ಹೆಚ್ಚು ಒತ್ತೊತ್ತಾಗಿ ಕೂರುತ್ತವೆ. ಒತ್ತಡ ತೆಗೆದರೆ ವಾಪಸ್.

ಎರಡನೆಯದು: ಪೂರ್ತಿ ಸೊನ್ನೆ ಅಲ್ಲ. ಎಲೆಕ್ಟ್ರಾನ್ ಸಂಖ್ಯೆ ಒಂದೇ ಆದರೂ ನ್ಯೂಕ್ಲಿಯಸ್ ಬೇರೆ. ಪೊಟ್ಯಾಸಿಯಂನಲ್ಲಿ 19 ಪ್ರೋಟಾನ್, ಅದು ತನ್ನ 18 ಎಲೆಕ್ಟ್ರಾನ್‌ಗಳನ್ನು ಬಿಗಿಯಾಗಿ ಹತ್ತಿರ ಎಳೆದುಕೊಳ್ಳುತ್ತೆ. ಕ್ಲೋರೈಡ್‌ನಲ್ಲಿ 17 ಪ್ರೋಟಾನ್, ಅದೇ ಮೋಡ ಅಲ್ಲಿ ಸಡಿಲವಾಗಿ ಹರಡಿದೆ. ಕೋನ ಸೊನ್ನೆಯಲ್ಲಿ ಮಾತ್ರ ಎರಡರ ಚದರುವಿಕೆಯೂ ನಿಖರವಾಗಿ 18. ಕೋನ ಹೆಚ್ಚಿದಂತೆ ಹರಡಿಕೊಂಡ ಕ್ಲೋರೈಡ್ ಬೇಗ ಇಳಿಯುತ್ತೆ, ಪೊಟ್ಯಾಸಿಯಂ ನಿಧಾನಕ್ಕೆ. ಆ ಸಣ್ಣ ವ್ಯತ್ಯಾಸದ ವರ್ಗವೇ 111ರ ತೀವ್ರತೆ, 200ರ ಶೇಕಡಾ ಒಂದಕ್ಕೂ ಕೆಳಗೆ. ಸ್ಥಳ 24.48 ಡಿಗ್ರಿ. 23.5ರಿಂದ 26ರವರೆಗೆ ಒಂದು ಸ್ಟೆಪ್‌ಗೆ 10 ಸೆಕೆಂಡ್‌ನಂತೆ ಎಣಿಸಿದರೆ ಹಿನ್ನೆಲೆಯಿಂದ ತಲೆ ಎತ್ತುತ್ತಾ ನೋಡಬಹುದು.

ಎಲೆಕ್ಟ್ರಾನ್ ಬಿಟ್ಟು ನ್ಯೂಕ್ಲಿಯಸ್ ನೋಡುವ ಕಿರಣ ಇದ್ದರೆ ಈ ಗೊಂದಲವೇ ಇಲ್ಲ. ನ್ಯೂಟ್ರಾನ್ ಅಂಥದ್ದು. ಪೊಟ್ಯಾಸಿಯಂನ ಚದರುವಿಕೆಯ ಉದ್ದ 3.67 ಫೆಮ್ಟೋಮೀಟರ್, ಕ್ಲೋರಿನ್‌ನದು 9.58. ನ್ಯೂಟ್ರಾನ್ ಪ್ಯಾಟರ್ನ್‌ನಲ್ಲಿ ಕೆಸಿಎಲ್ 111 ರಾಜಾರೋಷವಾಗಿ ಬರುತ್ತೆ. ಸೋಡಿಯಂ 3.63 ಆದ್ದರಿಂದ ನ್ಯೂಟ್ರಾನ್‌ಗೆ ಉಪ್ಪು, ಕೆಸಿಎಲ್ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ನಮ್ಮಲ್ಲಿ ಇಂಥ ಪೌಡರ್ ಡಿಫ್ರ್ಯಾಕ್ಷನ್ ಸೌಲಭ್ಯ ಇರೋದು ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ. ಲ್ಯಾಬ್ ರೆಕಾರ್ಡ್‌ಗೆ ಅಷ್ಟು ದೂರ ಬೇಡ ಬಿಡಿ.

ಡಿಫ್ರ್ಯಾಕ್ಟೋ

111 ಹುಡುಕೋಕೆ ಹೊರಟವರಿಗೆ ಎಚ್ಚರಿಕೆ. ಆ ಜಾಗದ ಸುತ್ತ ನಕಲಿ ಪೀಕ್‌ಗಳು ಬೇಕಾದಷ್ಟಿವೆ.

25.56ರಲ್ಲಿ ಚಿಕ್ಕ ಪೀಕ್ ಕಂಡರೆ ಅದು 111 ಅಲ್ಲ, 200ರ ಕೆ-ಬೀಟಾ (ತಾಮ್ರದ್ದೇ ಇನ್ನೊಂದು ಎಕ್ಸ್‌ರೇ, 1.3922 ಆಂಗ್‌ಸ್ಟ್ರಾಂ). ನಿಕ್ಕಲ್ ಫಿಲ್ಟರ್ ಅದನ್ನು ಪೂರ್ತಿ ತಿನ್ನಲ್ಲ, ತೆಳುವಾಗಿದ್ದರಂತೂ ಚೆನ್ನಾಗೇ ಕಾಣುತ್ತೆ. 27.1ರಲ್ಲಿ ಕಂಡರೆ ಟ್ಯೂಬ್ ಹಳೆಯದಾಗಿ ಫಿಲಮೆಂಟಿನ ಟಂಗ್‌ಸ್ಟನ್ ತಾಮ್ರದ ಆನೋಡ್ ಮೇಲೆ ಕೂತಿದೆ, ಅದರ ಎಲ್-ಆಲ್ಫಾ ರೇಖೆ 1.476 ಆಂಗ್‌ಸ್ಟ್ರಾಂ. ಇದನ್ನು 27.4ರ ಉಪ್ಪಿನ 111 ಅಂದುಕೊಂಡು "ಸ್ಯಾಂಪಲ್‌ನಲ್ಲಿ ಸೋಡಿಯಂ ಇದೆ" ಅಂತ ಬರೆಯೋರಿದ್ದಾರೆ. ನಿಜವಾಗಿ ಉಪ್ಪು ಬೆರೆತಿದ್ದರೆ ಮೊದಲು ಕಾಣಬೇಕಾದ್ದು 31.7ರ 200. ಅದಿಲ್ಲದೆ 111 ಒಂದೇ ಬರೋಕೆ ಸಾಧ್ಯವೇ ಇಲ್ಲ.

ಕಲ್ಲುಸಕ್ಕರೆ

ಈ ಗೊಂದಲವೇ ಹರಳಿನ ರಚನೆ ಕಂಡುಹಿಡಿಯೋಕೆ ದಾರಿಯಾಯ್ತು ಅನ್ನೋದನ್ನು ಸೇರಿಸ್ತೀನಿ. 1912ರಲ್ಲಿ ಮ್ಯೂನಿಕ್‌ನಲ್ಲಿ ಲೌಎ ಹೇಳಿದಂತೆ ಫ್ರೀಡ್ರಿಕ್, ಕ್ನಿಪ್ಪಿಂಗ್ ಹರಳಿನ ಮೂಲಕ ಎಕ್ಸ್‌ರೇ ಹಾಯಿಸಿ ಚುಕ್ಕೆಗಳ ಚಿತ್ರ ತೆಗೆದರು, ಮೊದಲು ಮೈಲುತುತ್ತದ್ದು, ಆಮೇಲೆ ಸತುವಿನ ಸಲ್ಫೈಡ್‌ದು. ಮರುವರ್ಷ ಕೇಂಬ್ರಿಜ್‌ನ ಲಾರೆನ್ಸ್ ಬ್ರಾಗ್ ಉಪ್ಪು, ಕೆಸಿಎಲ್, ಪೊಟ್ಯಾಸಿಯಂ ಬ್ರೋಮೈಡ್, ಪೊಟ್ಯಾಸಿಯಂ ಅಯೋಡೈಡ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕೆಸಿಎಲ್ ಚಿತ್ರ ಅತಿ ಸರಳ, ಸಿಂಪಲ್ ಕ್ಯೂಬಿಕ್‌ನಂತೆ. ಬ್ರೋಮೈಡ್, ಅಯೋಡೈಡ್ ಎಫ್‌ಸಿಸಿಯಂತೆ. ಉಪ್ಪು ಎರಡರ ಮಧ್ಯೆ. ನಾಲ್ಕಕ್ಕೂ ನಾಲ್ಕು ರಚನೆ ಕಲ್ಪಿಸೋ ಬದಲು, ರಚನೆ ಒಂದೇ, ಎರಡು ಪರಮಾಣುಗಳ ಚದರಿಸುವ ಶಕ್ತಿ ಬೇರೆ ಬೇರೆ ಅಂತ ಅವರು ಹಿಡಿದರು. ಆಗ ಅದನ್ನು ಪರಮಾಣು ತೂಕಕ್ಕೆ ಜೋಡಿಸಿದ್ದರು, ಪೊಟ್ಯಾಸಿಯಂ 39, ಕ್ಲೋರಿನ್ 35.5 ಹತ್ತಿರ ಹತ್ತಿರ ಅಂತ. ಎಲೆಕ್ಟ್ರಾನ್ ಲೆಕ್ಕ ಆಮೇಲಿನದು. 1915ರಲ್ಲಿ ತಂದೆ-ಮಗ ಇಬ್ಬರಿಗೂ ನೊಬೆಲ್ ಬಂತು, ಮಗನಿಗೆ 25 ವರ್ಷ.

ಉಪ್ಪಿನಲ್ಲಿ ಬಿಡಿ ಅಣುವೇ ಇಲ್ಲ, ಪ್ರತಿ ಸೋಡಿಯಂಗೆ ಆರು ಕ್ಲೋರಿನ್ ನೆರೆ ಅನ್ನೋದನ್ನು ರಸಾಯನಶಾಸ್ತ್ರಜ್ಞರೆಲ್ಲ ಸುಲಭಕ್ಕೆ ಒಪ್ಪಲಿಲ್ಲ. ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲೂ ನೇಚರ್ ಪತ್ರಿಕೆಗೆ ಕೋಪದ ಪತ್ರ ಬರೆದಿದ್ದರು.

ಈಗ ಪ್ರಯೋಗದ ಮಾತು. ಲ್ಯಾಬ್‌ನಲ್ಲಿ ಐಆರ್ (ಇನ್‌ಫ್ರಾರೆಡ್ ಪರೀಕ್ಷೆಯ) ಪೆಲೆಟ್‌ಗೆ ಇಟ್ಟಿರೋ ಪೊಟ್ಯಾಸಿಯಂ ಬ್ರೋಮೈಡ್ ಇದ್ದೇ ಇರುತ್ತೆ, ಅದರದ್ದೂ ಒಂದು ಸ್ಕ್ಯಾನ್ ತೆಗೀರಿ. ಅದೇ ರಚನೆ, ಅಂಚು 6.60. ಬ್ರೋಮೈಡ್‌ಗೆ 36 ಎಲೆಕ್ಟ್ರಾನ್, ಪೊಟ್ಯಾಸಿಯಂಗೆ 18. 111 ಮತ್ತೆ 23.3 ಡಿಗ್ರಿಯಲ್ಲಿ ಹಾಜರ್. ಸೋಡಿಯಂ ಫ್ಲೋರೈಡ್ ತಗೊಂಡರೆ 10ಕ್ಕೆ 10, ಮತ್ತೆ ಮಾಯ.

ಇನ್ನೂ ಚೆನ್ನಾಗಿರೋದು ಕೆಸಿಎಲ್ ಮತ್ತು ಬ್ರೋಮೈಡ್ ಸಮ ಮೋಲ್ ಬೆರೆಸೋದು. 7.46 ಗ್ರಾಂಗೆ 11.90 ಗ್ರಾಂ. ಸುಮ್ಮನೆ ಒಟ್ಟಿಗೆ ಅರೆದು ಸ್ಕ್ಯಾನ್ ಮಾಡಿದರೆ ಎರಡು 200 ಬೇರೆ ಬೇರೆ ಬರುತ್ತವೆ, 28.34 ಮತ್ತು 27.00. ಅದೇ ಮಿಶ್ರಣವನ್ನು ಪಿಂಗಾಣಿ ಕ್ರೂಸಿಬಲ್‌ನಲ್ಲಿ ಮಫಲ್ ಫರ್ನೇಸ್‌ಗಿಟ್ಟು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ (ಕೆಸಿಎಲ್ 770ಕ್ಕೆ, ಬ್ರೋಮೈಡ್ 734ಕ್ಕೆ ಕರಗುತ್ತೆ), ಫರ್ನೇಸ್ ಒಳಗೇ ತಣಿಯಲು ಬಿಟ್ಟು, ಅರೆದು ಮತ್ತೆ ಸ್ಕ್ಯಾನ್ ಮಾಡಿ. ಈಗ 27.65ರ ಸುತ್ತ ಒಂದೇ 200. ಕ್ಲೋರೈಡ್ ಜಾಗಗಳಲ್ಲಿ ಬ್ರೋಮೈಡ್ ಅಲ್ಲಲ್ಲಿ ಕೂತಿದೆ, ಅಂಚು ಎರಡರ ಮಧ್ಯದ 6.45 ಹತ್ತಿರ ಬಂದಿದೆ. ವೆಗಾರ್ಡ್ ನಿಯಮ ಅನ್ನೋದು ಇದೇ. 23.9ರ ಬಳಿ 111 ಸಹ ಎದ್ದಿರುತ್ತೆ, ಯಾಕಂದರೆ ಆ ಜಾಗಗಳ ಸರಾಸರಿ ಎಲೆಕ್ಟ್ರಾನ್ 27 ಆಗಿ ಪೊಟ್ಯಾಸಿಯಂನ 18ರಿಂದ ದೂರ ಸರಿದಿದೆ. ಯಾವ ಜಾಗದಲ್ಲಿ ಯಾವ ಅಯಾನು ಅನ್ನೋದು ಗೊತ್ತುಗುರಿಯಿಲ್ಲದಿದ್ದರೂ ಜಾಗಗಳ ಸಾಲು ಕೆಟ್ಟಿಲ್ಲ, ಅದಕ್ಕೇ ಪೀಕ್ ಚೂಪಾಗೇ ಇರುತ್ತೆ. ಪೀಕ್ ಅಗಲವಾಗಿ ಹರಡಿದ್ದರೆ ಸರಿಯಾಗಿ ಬೆರೆತಿಲ್ಲ, ಜಾಗ ಜಾಗಕ್ಕೆ ಪ್ರಮಾಣ ಬೇರೆ ಇದೆ ಅಂತ ಅರ್ಥ. ಅರೆದು 600 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು ಮತ್ತೆ ನೋಡಿ.

ಉಪ್ಪು ಮತ್ತು ಕೆಸಿಎಲ್ ಜೋಡಿಯಲ್ಲಿ ಇದನ್ನು ಮಾಡಬೇಡಿ. ಬಿಸಿಯಲ್ಲಿ ಬೆರೆಯುತ್ತವೆ, ನಿಧಾನ ತಣಿಸಿದರೆ ಮತ್ತೆ ಬೇರೆ ಬೇರೆ ಹರಳಾಗಿ ಒಡೆಯುತ್ತವೆ. ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳ ಗಾತ್ರದ ಅಂತರ ಅಷ್ಟು ದೊಡ್ಡದು.

ಪುಡಿ_ಸ್ಯಾಂಪಲ್

ಬ್ರೋಮೈಡ್ ಇದೆ, ಮಾಡ್ತೀವಿ. ಅಂಚು ಇಷ್ಟು ಸೂಕ್ಷ್ಮವಾಗಿ ಬೇಕಾದರೆ ಪೀಕ್ ಜಾಗ ಮೊದಲೇ ಗೊತ್ತಿರೋ ಸಿಲಿಕಾನ್ ಪುಡಿ ಬೆರೆಸಿ, ಅದಕ್ಕೆ ಹೋಲಿಸಿ ಸರಿಪಡಿಸಬಹುದಾ? ಡಿಪಾರ್ಟ್‌ಮೆಂಟ್‌ನಲ್ಲಿ ಸ್ವಲ್ಪ ಇದೆ.

ಡಿಫ್ರ್ಯಾಕ್ಟೋ

ಉಪ್ಪಿಗೆ ಬೆರೆಸಿ, ಕೆಸಿಎಲ್‌ಗೆ ಯೋಚಿಸಿ ಬೆರೆಸಿ. ಸಿಲಿಕಾನ್ (ಅಂಚು 5.431) 111 ಬರೋದು 28.44ಕ್ಕೆ, ಕೆಸಿಎಲ್ 200 ಬರೋದು 28.34ಕ್ಕೆ. ಕೆಸಿಎಲ್‌ನ ಕೆ-ಆಲ್ಫಾ ಎರಡು 28.41ಕ್ಕೆ ಬೀಳುತ್ತೆ. ಮೂರೂ ಒಂದೇ ಗುಡ್ಡೆಯಾಗಿ, ಸಾಫ್ಟ್‌ವೇರ್ ತನಗೆ ತೋಚಿದ ಜಾಗಕ್ಕೆ ತುದಿ ಇಡುತ್ತೆ. ಬೆರೆಸಲೇಬೇಕಿದ್ದರೆ ಸಿಲಿಕಾನ್‌ನ 47.30 ಮತ್ತು 56.12 ಮಾತ್ರ ಬಳಸಿ, ಕೆಸಿಎಲ್ 200 ಕೈಬಿಟ್ಟು 220ರಿಂದ ಶುರು ಮಾಡಿ.

ಲ್ಯಾಂಥನಮ್ ಹೆಕ್ಸಾಬೋರೈಡ್ ಸಿಕ್ಕರೆ ಚಿಂತೆಯಿಲ್ಲ, 21.36, 30.38, 37.44, 43.51 ಎಲ್ಲ ಖಾಲಿ ಜಾಗದಲ್ಲೇ ಬೀಳುತ್ತವೆ. ದುಬಾರಿ. ಕುರುಂದ, ಅಂದರೆ ಆಲ್ಫಾ ಅಲ್ಯುಮಿನಾ ಅಗ್ಗ, ಅದರ 35.15, 43.35, 57.50 ಸಾಕು. ಆದರೆ ಕುರುಂದದ ಮೊದಲ ಪೀಕ್ 25.58, ಮೇಲೆ ಹೇಳಿದ ಕೆ-ಬೀಟಾ ಜಾಗವೇ. 111 ಹುಡುಕುವ ಸ್ಕ್ಯಾನ್‌ಗೆ ಕುರುಂದ ಬೆರೆಸದ ಪುಡಿ ಪ್ರತ್ಯೇಕ ಇಟ್ಟುಕೊಳ್ಳಿ.

ಪ್ರಮಾಣ ತೂಕದಲ್ಲಿ ಶೇಕಡಾ 10 ಸಾಕು. ಎರಡನ್ನೂ ಬೇರೆ ಬೇರೆ ಅರೆದು ಆಮೇಲೆ ಬೆರೆಸಿ. ಒಟ್ಟಿಗೆ ಹಾಕಿ ಅರೆದರೆ ಗಟ್ಟಿ ಕುರುಂದ ಮಾರ್ಟರ್‌ನ ಅಗೇಟನ್ನೇ ಕೆರೆದು ಸಿಲಿಕಾ ಬೆರೆಸುತ್ತೆ, 26.6ರಲ್ಲಿ ಕ್ವಾರ್ಟ್ಜ್ ಪೀಕ್ ಕಂಡು ಮತ್ತೆ ಇಲ್ಲಿಗೇ ಪ್ರಶ್ನೆ ಹಾಕ್ತೀರಿ.